ಕಾಣದ ಕಂದಕ

ಸಿಂಗಪುರದ ಮಂಡಾಯಿ ಪ್ರದೇಶದಲ್ಲಿ, ಮಳೆಕಾಡಿನ ನಡುವೆ, ಜಲಾಶಯದ ದಂಡೆಯ ಮೇಲೆ 1973ರಲ್ಲಿ ತೆರೆದ ಮೃಗಾಲಯವು ಕಬ್ಬಿಣದ ಸರಳುಗಳನ್ನು ತ್ಯಜಿಸಿ ಕೀರ್ತಿ ಪಡೆಯಿತು. ಅಲ್ಲಿ ಬಿಳಿಹುಲಿಗೂ ನೋಡುಗನಿಗೂ ನಡುವೆ ಇರುವುದು ನೀರು ತುಂಬಿದ ಕಂದಕ. ಒರಾಂಗುಟಾನ್‌ಗಳು ಜನರ ತಲೆಯ ಮೇಲೆಯೇ ಮರದಿಂದ ಮರಕ್ಕೆ ಸಾಗುತ್ತವೆ. ಬೋನಿನೊಳಗೆ ಅತ್ತಿಂದಿತ್ತ ಸುತ್ತುವ ಮೃಗವನ್ನು ಕಂಡವರು ಇದನ್ನು ಸುಧಾರಣೆ ಎಂದಾರು, ಸುಧಾರಣೆಯೇ ಸರಿ. ಆದರೆ ಈ ವಿನ್ಯಾಸವು ಬಂಧನದ ನೋಟವನ್ನಷ್ಟೇ ಮರೆಸುತ್ತದೆ. ಕಂದಕದ ಅಗಲವನ್ನು ಹುಲಿ ಬಲ್ಲದು. ಟಿಕೆಟ್ ಕೊಂಡು ಬಂದವನಿಗೆ ಅದು ಬರಿಯ ಕೊಳ. ಅಹಿಂಸಾಣುವ್ರತದ ಅತಿಚಾರಗಳನ್ನು ಎಣಿಸುವಾಗ ತತ್ತ್ವಾರ್ಥಸೂತ್ರವು ಬಂಧವನ್ನೇ ಮೊದಲು ಹೇಳುತ್ತದೆ, ಹೊಡೆತಕ್ಕಿಂತಲೂ ಮುಂಚೆ. ಕಟ್ಟಿದ್ದು ಹಗ್ಗವೋ ನೀರೋ ಎಂಬ ಭೇದ ಅಲ್ಲಿಲ್ಲ.

ಭೂಮಧ್ಯರೇಖೆಗೆ ಸುಮಾರು 150 ಕಿಲೋಮೀಟರ್ ದೂರದ ಈ ಸೆಕೆಯ ನೆಲದಲ್ಲಿ 1990ರಲ್ಲಿ ಇನುಕಾ ಎಂಬ ಹಿಮಕರಡಿ ಜನಿಸಿತು. ಹಿಮವನ್ನೇ ಕಾಣದ ಹಿಮಕರಡಿ! 2004ರಲ್ಲಿ ಅದರ ಟೊಳ್ಳು ರೋಮಗಳೊಳಗೆ ಪಾಚಿ ಬೆಳೆದು ಮೈ ಹಸಿರಾಯಿತು. ಹೊಸ ಹಿಮಕರಡಿಗಳನ್ನು ತರುವುದಿಲ್ಲವೆಂದು ಮೃಗಾಲಯವು 2006ರಲ್ಲಿ ನಿಶ್ಚಯಿಸಿತು. ಆ ವಿವೇಕ ಗೌರವಾರ್ಹ. 2013ರಲ್ಲಿ ಇನುಕಾಗೆ ಶೀತಲಗೊಳಿಸಿದ ಆವರಣವೊಂದು ದೊರೆಯಿತು. ಅಲ್ಲಿಯೇ ಮುಪ್ಪಿನ ವ್ಯಾಧಿಗಳಿಂದ ಬಳಲಿದ ಅದಕ್ಕೆ 2018ರ ಏಪ್ರಿಲ್‌ನಲ್ಲಿ ದಯಾಮರಣ ನೀಡಲಾಯಿತು.