ಬೆಟ್ಟದ ಹೊರಗೆ ಉಳಿದ ಹುಡುಗ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ತಾನಾಗಿ ಓದದೆ, ಓದಿದವರಿಂದಲಾದರೂ ಕೇಳದೆ ಬೆಳೆದ ಕನ್ನಡದ ಮಗು ಅಪರೂಪವೇ ಸರಿ. ಇಲಿಗಳ ಹಾವಳಿ, ಕೊಟ್ಟ ಮಾತಿಗೆ ತಪ್ಪಿದ ಊರ ಹಿರಿಯರು, ಕಿಂದರಿಯ ನಾದಕ್ಕೆ ಮರುಳಾಗಿ ಹೊರಟ ಮಕ್ಕಳ ಹಿಂಡು, ಅವರನ್ನೆಲ್ಲ ಒಳಗೆ ಮಾಡಿಕೊಂಡು ಮುಚ್ಚಿಹೋದ ಬೆಟ್ಟ, ಇವು ನಮ್ಮ ಬಾಲ್ಯದ ಆಸ್ತಿ. ಆ ಕಥೆಯ ಕೊನೆಯಲ್ಲಿ ಒಬ್ಬ ಕುಂಟ ಹುಡುಗನಿದ್ದಾನೆ. ಮಿಕ್ಕವರ ಸಮಕ್ಕೆ ಹೆಜ್ಜೆ ಹಾಕಲಾರದೆ ಹಿಂದುಳಿದವನು. ಪಾಠ ಮಾಡುವ ನಾವು ಇವನ ಬಳಿ ನಿಲ್ಲುವುದಿಲ್ಲ. ಎಲ್ಲರೂ ಬೆಟ್ಟದೊಳಗೆ ಹೋದರೆ ಸುದ್ದಿ ತರುವವರು ಯಾರು? ಕಥೆಗೆ ಒಬ್ಬ ಉಳಿಯಬೇಕಿತ್ತು, ಉಳಿಯಲು ಕಾರಣವೊಂದು ಬೇಕಿತ್ತು, ಕಾಲು ಆ ಕಾರಣವಾಯಿತು.

ಇದರ ಮೂಲವಾದ ರಾಬರ್ಟ್ ಬ್ರೌನಿಂಗನ 1842ರ ಕವನದಲ್ಲಿ ಈ ಹುಡುಗನಿಗೆ ತುಸು ಹೆಚ್ಚು ಮಾತು ದೊರೆತಿದೆ. ವಾದ್ಯದ ನಾದ ಅವನಿಗೆ ಸುಖದ ನಾಡೊಂದನ್ನು ತೋರಿಸಿತ್ತಂತೆ. ಅಲ್ಲಿಗೆ ಹೋದೊಡನೆ ಅವನ ಕಾಲು ನೆಟ್ಟಗಾಗುವುದಿತ್ತಂತೆ. ಅಷ್ಟರಲ್ಲಿ ನಾದ ನಿಂತಿತು, ಅವನು ಮೊದಲಿನಂತೆಯೇ ಕುಂಟುತ್ತ ಉಳಿದ. ಕಾಲು ನೆಟ್ಟಗಾಗುವುದು, ಇಲ್ಲವೇ ಹೊರಗೆ ಉಳಿಯುವುದು: ಮಕ್ಕಳ ಸಾಹಿತ್ಯ ಇಂಥ ಹುಡುಗನಿಗೆ ಬಹುಕಾಲ ತೆರೆದಿಟ್ಟದ್ದು ಈ ಎರಡೇ ದಾರಿಗಳನ್ನು.

ಈ ಹುಡುಗನ ವಿಷಯದಲ್ಲಿ ನನಗೆ ಪಕ್ಷಪಾತವಿದೆ. ಅದನ್ನು ಮೊದಲೇ ಒಪ್ಪಿಕೊಳ್ಳುವುದು ಮೇಲು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳಾದ ನನ್ನ ಅಕ್ಕನಿಗೆ ಎರಡನೆಯ ವಯಸ್ಸಿನಲ್ಲಿ ಪೋಲಿಯೋ ತಗುಲಿ ಎಡಗಾಲು ಸೊರಗಿತು. 1986ರಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಕಿಂದರಿಜೋಗಿಯನ್ನು ಆಡಿಸಿದರು. ಕುಂಟ ಹುಡುಗನ ಪಾತ್ರ ಯಾರಿಗೆ ಎಂಬ ಬಗ್ಗೆ ಯಾರೂ ಹೆಚ್ಚು ಯೋಚಿಸಲಿಲ್ಲ. ಹುಡುಗಿಯಾದರೇನು, ನಟಿಸುವ ಕಷ್ಟವಿಲ್ಲವಲ್ಲ! ಅಕ್ಕನಿಗೂ ಸಂತೋಷವೇ, ಅದುವರೆಗೆ ಯಾವ ನಾಟಕದಲ್ಲಿಯೂ ಅವಳನ್ನು ಸೇರಿಸಿಕೊಂಡಿರಲಿಲ್ಲ. ತೊಡಕು ಬಂದದ್ದು ಅಭ್ಯಾಸದ ದಿನ. ಕ್ಯಾಲಿಪರಿನ ಟಕಟಕ ಸದ್ದಿನೊಡನೆ ಅವಳು ಎಲ್ಲ ಮಕ್ಕಳ ಜೊತೆಗೇ ಬೆಟ್ಟದ ಬಾಗಿಲಿಗೆ ಬಂದು ನಿಂತುಬಿಟ್ಟಳು. ‘ನಿಧಾನ ಕಣಮ್ಮ, ಇನ್ನೂ ನಿಧಾನ. ಕುಂಟ ಅಂತ ಜನಕ್ಕೆ ಗೊತ್ತಾಗಬೇಡವೇ?’ ಎಂದರು ಮೇಷ್ಟರು. ಒಂದು ವಾರ ಅಕ್ಕ ನಮ್ಮ ಮನೆಯ ಪಡಸಾಲೆಯಲ್ಲಿ ಕುಂಟುವುದನ್ನು ಕಲಿತಳು. ನಾಟಕದ ದಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ರಾತ್ರಿ ಊಟಕ್ಕೆ ಕುಳಿತಾಗ ಅವಳು ಅಪ್ಪನನ್ನು ಕೇಳಿದಳು: ‘ಮಾರನೇ ದಿನ ಅವನು ಯಾರ ಜೊತೆ ಆಡಿದ ಅಪ್ಪಾ?’ ಅಪ್ಪ ಉತ್ತರ ಹೇಳಲಿಲ್ಲ. ನಲವತ್ತು ವರ್ಷಗಳಾಗುತ್ತ ಬಂದವು. ಆ ಕಥೆಯ ಮೇಲೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಕೇಳಿಲ್ಲ.

ಪುಸ್ತಕದ ಕುಂಟು ಬದುಕಿನ ಕುಂಟಿಗಿಂತ ದೊಡ್ಡದು ಎಂಬುದನ್ನು ಅಂದು ಆ ಮೇಷ್ಟರೇ ನನಗೆ ಕಲಿಸಿದರೆನ್ನಬೇಕು. ಬದುಕಿನಲ್ಲಿ ಕಾಲು ನಡೆಯುವುದಕ್ಕೆ ಇರುವಂಥದು. ಸರಿಯಾಗಿ ನಡೆಯದಿದ್ದರೆ ಹೇಗೋ ಸಾಗಿಸಿಕೊಂಡು ಹೋಗುವಂಥದು. ಕಥೆಯಲ್ಲಿ ಅದು ಅರ್ಥವನ್ನು ಹೊರಬೇಕು, ನೀತಿಯನ್ನು ಹೇಳಬೇಕು, ಕಣ್ಣೀರನ್ನು ತರಿಸಬೇಕು.

ಇಲ್ಲಿ ಪದಗಳ ಬಗ್ಗೆ ಒಂದು ಮಾತು. ನಾನು ‘ಕುಂಟ’ ಎಂದು ಬರೆಯುತ್ತಿರುವುದು ಕೆಲವರಿಗೆ ಒರಟೆನಿಸಬಹುದು. ಸರ್ಕಾರಿ ಕಾಗದಗಳಲ್ಲಿ ಈಗ ‘ವಿಕಲಚೇತನ’ ಎಂಬ ಪದ ರೂಢಿಗೆ ಬಂದಿದೆ. ಕನ್ನಡ ಮೇಷ್ಟರಾದ ನನಗೆ ಈ ಪದ ಕಂಡಾಗಲೆಲ್ಲ ದಿಗಿಲಾಗುತ್ತದೆ. ‘ಅಂಗವಿಕಲ’ ಎಂದರೆ ಅಂಗದಲ್ಲಿ ಊನವೆಂದಷ್ಟೇ ಅರ್ಥವಿತ್ತು. ಅದು ನೋಯಿಸೀತೆಂದು ಹೆದರಿ ಚೇತನಕ್ಕೇ ಊನವನ್ನು ಅಂಟಿಸಿದೆವು. ನೋವು ತಪ್ಪಿಸುವ ಆತುರದಲ್ಲಿ ಪದದ ಅರ್ಥವನ್ನು ನೋಡುವುದನ್ನೇ ಮರೆತೆವು. ಇರಲಿ.

ಇಂಗ್ಲಿಷಿನ ಮೂಲಕ ನಮ್ಮ ಶಾಲೆಗಳಿಗೆ ಸಂಕ್ಷಿಪ್ತ ರೂಪದಲ್ಲಿ ಬಂದ ಹಳೆಯ ಪುಸ್ತಕಗಳನ್ನೇ ನೋಡೋಣ. ಸ್ವಿಟ್ಜರ್ಲೆಂಡಿನ ಯೊಹಾನಾ ಸ್ಪೀರಿ 1880–81ರಲ್ಲಿ ಬರೆದ ‘ಹೈಡಿ’ಯಲ್ಲಿ ಕ್ಲಾರಾ ಎಂಬ ಹುಡುಗಿ ಗಾಲಿಕುರ್ಚಿಯಲ್ಲಿ ಬಾಳುತ್ತಾಳೆ. ಆಡು ಕಾಯುವ ಪೀಟರ್ ಹೊಟ್ಟೆಕಿಚ್ಚಿನಿಂದ ಆ ಕುರ್ಚಿಯನ್ನು ಬೆಟ್ಟದಿಂದ ಉರುಳಿಸಿ ಪುಡಿಮಾಡುತ್ತಾನೆ. ಕುರ್ಚಿ ಹೋದ ಮೇಲೆ ಕ್ಲಾರಾ ನಡೆಯುತ್ತಾಳೆ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ಟಳ ‘ದಿ ಸೀಕ್ರೆಟ್ ಗಾರ್ಡನ್’ನಲ್ಲಿ (1911) ತಾನು ಗೂನನಾಗಿ ಸಾಯುವೆನೆಂದು ಹಾಸಿಗೆ ಹಿಡಿದಿದ್ದ ಕಾಲಿನ್ ಹೂದೋಟದ ಗಾಳಿಗೆ ಎದ್ದು ಓಡುತ್ತಾನೆ. ಅಮೆರಿಕದ ಸೂಸನ್ ಕೂಲಿಜ್ 1872ರಲ್ಲಿ ಬರೆದ ‘ವಾಟ್ ಕೇಟಿ ಡಿಡ್’ ಇನ್ನೂ ಕಟ್ಟುನಿಟ್ಟಿನ ಪುಸ್ತಕ. ಕೇಟಿ ಅತ್ತೆಯ ಮಾತು ಮೀರಿ ಉಯ್ಯಾಲೆ ಹತ್ತುತ್ತಾಳೆ, ಬೀಳುತ್ತಾಳೆ, ನಾಲ್ಕು ವರ್ಷ ಏಳದೆ ಮಲಗುತ್ತಾಳೆ. ನೋವೆಂಬ ಪಾಠಶಾಲೆಯಲ್ಲಿ ತಾಳ್ಮೆ ಕಲಿತ ಮೇಲೆ ಮತ್ತೆ ನಡೆಯುತ್ತಾಳೆ. ಆ ಪಾಠ ಹೇಳಿಕೊಡುವ ಹೆಲೆನ್ ಎಂಬ ಬಂಧುವೂ ನಡೆಯಲಾರದವಳೇ. ಆಕೆ ಗುಣವಾಗುವುದಿಲ್ಲ, ಅದರ ಬದಲು ಮುಖದ ಮೇಲೆ ಸದಾ ಮುಗುಳ್ನಗೆ ಹೊತ್ತ ದೇವತೆಯಾಗಿದ್ದಾಳೆ. ಗುಣವಾಗದವರಿಗೆ ಸಿಟ್ಟು ಮಾಡುವ ಹಕ್ಕೂ ಇಲ್ಲ ಎಂದಾಯಿತು!

ಗುಣವಾಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ತಾಯಿ ಅದನ್ನು ಬಯಸುವುದಿಲ್ಲ? ಈ ಕಥೆಗಳಲ್ಲಿ ಗುಣವಾಗುವುದು ಸದ್ಗುಣಕ್ಕೆ ಬಂದ ಬಹುಮಾನ ಎಂಬುದೇ ನನ್ನ ತಕರಾರು. ಹಾಗಾದರೆ ಕಾಲು ನೆಟ್ಟಗಾಗದ ಮಗು ಪುಸ್ತಕ ಮುಚ್ಚಿಟ್ಟು ಏನೆಂದುಕೊಳ್ಳಬೇಕು? ಅಕ್ಕನಿಗೆ ಹನ್ನೊಂದು ವರ್ಷವಾದಾಗ ಯಾರೋ ‘ಹೈಡಿ’ಯ ಚಿಕ್ಕ ಪುಸ್ತಕವೊಂದನ್ನು ಕೊಟ್ಟರು. ಓದಿ ಮುಗಿಸಿದ ಸಂಜೆ ಅವಳು ಹಿತ್ತಿಲಿಗೆ ಹೋಗಿ, ಕ್ಯಾಲಿಪರ್ ಬಿಚ್ಚಿ ದಾಸವಾಳದ ಗಿಡದ ಬುಡದಲ್ಲಿಟ್ಟು, ಕೊಂಬೆ ಹಿಡಿದು ನಿಂತಳಂತೆ. ಕೈ ಬಿಟ್ಟಳಂತೆ. ಒಗೆಯುವ ಕಲ್ಲು ತಾಗಿ ಹಣೆ ಒಡೆದದ್ದನ್ನು ಅಮ್ಮನಿಗೆ ಜಾರಿಬಿದ್ದೆ ಎಂದಳು. ನಿಜವನ್ನು ಅವಳು ನನಗೆ ಹೇಳಿದ್ದು ಇಪ್ಪತ್ತು ವರ್ಷಗಳ ಮೇಲೆ, ನಗುತ್ತ. ನನಗೆ ನಗು ಬರಲಿಲ್ಲ. ಸ್ಪೀರಿಯ ಬೆಟ್ಟಗಳ ವರ್ಣನೆ ಇಂದಿಗೂ ಸೊಗಸಾಗಿದೆ. ಆದರೆ ಆ ಪುಸ್ತಕವನ್ನು ಯಾವ ಮಗುವಿನ ಕೈಗೆ ಕೊಡುತ್ತಿದ್ದೇನೆಂದು ನೋಡದೆ ಕೊಡಲು ನನಗೆ ಈಗ ಮನಸ್ಸಾಗುವುದಿಲ್ಲ.

ಇದನ್ನೆಲ್ಲ ಪಶ್ಚಿಮದವರ ಮೇಲೆ ಹೊರಿಸಿ ನಾವು ಹಗುರಾಗುವಂತಿಲ್ಲ. ವನಪರ್ವದ ಅಷ್ಟಾವಕ್ರನ ಕಥೆ ಅರ್ಧದವರೆಗೆ ಅದ್ಭುತ. ಎಂಟೆಡೆ ಸೊಟ್ಟಾದ ದೇಹದ ಬಾಲಕ ಜನಕನ ಆಸ್ಥಾನಕ್ಕೆ ಬರುತ್ತಾನೆ. ಬಾಗಿಲಲ್ಲಿ ತಡೆದವರಿಗೆ, ಒಳಗಿದ್ದ ಪಂಡಿತನಿಗೆ, ಎಲ್ಲರಿಗೂ ಮಾತಿನಲ್ಲೇ ಸೋಲು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕೊನೆಗೆ ಅವನನ್ನು ಸಮಂಗಾ ನದಿಯಲ್ಲಿ ಮುಳುಗಿಸಿ ಅಂಗಾಂಗಗಳನ್ನು ನೆಟ್ಟಗೆ ಮಾಡಿಯೇ ಕಥೆ ಸಮಾಧಾನಪಡುತ್ತದೆ. ಮಥುರೆಯ ಕುಬ್ಜೆಯನ್ನು ಕೃಷ್ಣ ಗಲ್ಲ ಹಿಡಿದೆತ್ತಿ ನೆಟ್ಟಗೆ ಮಾಡಿದ. ಯಾರೂ ನೆಟ್ಟಗೆ ಮಾಡದೆ ಬಿಟ್ಟ ಮಂಥರೆಯ ಬೆನ್ನಿನಲ್ಲಿ ಅವಳ ಬುದ್ಧಿಯ ವಕ್ರತೆಯನ್ನೇ ಜನ ಕಂಡರು. ‘ಕುಂಟನಿಗೆ ಎಂಟು ಚೇಷ್ಟೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಯಾರ ಎದುರಿಗೂ ಅಳುಕಿಲ್ಲದೆ ಆಡುತ್ತಿದ್ದರು. ಅದೇ ಹಿರಿಯರ ಅಂಗಳದಲ್ಲಿ ಎರಡು ಕಾಲೂ ಗಟ್ಟಿಯಾಗಿದ್ದ ಹುಡುಗಿಯರು ಮಧ್ಯಾಹ್ನವೆಲ್ಲ ಒಂಟಿ ಕಾಲಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರೆಂಬುದು ಬೇರೆ ಮಾತು. ಅಕ್ಕ ಆ ಆಟಕ್ಕೆ ತೀರ್ಪುಗಾರಳು. ಗೆರೆ ತುಳಿದವರನ್ನು ಒಮ್ಮೆಯೂ ಬಿಟ್ಟವಳಲ್ಲ.

ನಮ್ಮ ಕಾವ್ಯಮೀಮಾಂಸೆಯ ಒಂದು ಮಾತು ಇಲ್ಲಿ ನೆರವಿಗೆ ಬರುತ್ತದೆ. ಕರುಣರಸ ಬೇರೆ, ಕನಿಕರ ಬೇರೆ. ಕರುಣಕ್ಕೆ ಸ್ಥಾಯಿ ಶೋಕ. ಅಲ್ಲಿ ಓದುಗ ಪಾತ್ರದ ಸಮಕ್ಕೆ ನಿಂತು ಅದರ ನಷ್ಟವನ್ನು ತನ್ನದೆಂದು ಅನುಭವಿಸುತ್ತಾನೆ. ಕನಿಕರ ಮೇಲಿನಿಂದ ಕೆಳಕ್ಕೆ ನೋಡುವುದು. ‘ಸದ್ಯ, ನನಗಿಲ್ಲ’ ಎಂಬ ನೆಮ್ಮದಿ ಅದರ ತಳದಲ್ಲಿರುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಂಡ ಆ ತಾಯಂದಿರನ್ನು ನಾನು ದೂಷಿಸಲಾರೆ. ಅವರ ಮುಂದೆ ಆಡಿದ ನಾಟಕ ಬೇಡಿದ್ದೇ ಅಷ್ಟನ್ನು.

ಹಳೆಯ ಪುಸ್ತಕಗಳಲ್ಲಿ ಕನಿಕರಕ್ಕೆ ಸೊಪ್ಪು ಹಾಕದ ಒಂದು ಪಾತ್ರ ನನಗೆ ಸಿಕ್ಕಿದ್ದು ಖಳರ ನಡುವೆ. ಸ್ಟೀವನ್ಸನ್ 1883ರಲ್ಲಿ ಪುಸ್ತಕವಾಗಿ ಹೊರತಂದ ‘ಟ್ರೆಷರ್ ಐಲೆಂಡ್’ನ ಲಾಂಗ್ ಜಾನ್ ಸಿಲ್ವರ್. ಕಥೆಯ ಆರಂಭದಲ್ಲಿ, ಒಂಟಿ ಕಾಲಿನ ನಾವಿಕ ಬರುತ್ತಾನೆಯೇ ನೋಡುತ್ತಿರು ಎಂದು ಹೇಳಿ ಮುದುಕನೊಬ್ಬ ಬಾಲಕ ಜಿಮ್ಮನಿಗೆ ತಿಂಗಳಿಗೆ ನಾಲ್ಕು ಪೆನ್ನಿ ಗೊತ್ತುಮಾಡುತ್ತಾನೆ. ಹುಡುಗನ ಕನಸಿನಲ್ಲಿ ಆ ಕಾಲು ರಾಕ್ಷಸರೂಪ ತಾಳುತ್ತದೆ. ಮುಂದೆ ನಿಜವಾದ ಸಿಲ್ವರ್ ಎದುರಾದಾಗ ನೋಡಿದರೆ, ಊರುಗೋಲಿನ ಮೇಲೆ ಹಕ್ಕಿಯಂತೆ ಕುಪ್ಪಳಿಸುತ್ತ ಗಿರಾಕಿಗಳನ್ನು ನಗಿಸುವ ಹೋಟೆಲಿನ ಯಜಮಾನ! ಭಯಪಡುವ ಕಾಲು ಕನಸಿನದು, ಬದುಕುವ ಕಾಲು ಬೇರೆಯದು ಎಂಬುದನ್ನು ಸ್ಟೀವನ್ಸನ್ ಒಂದು ಮಾತಿನ ಉಪದೇಶವೂ ಇಲ್ಲದೆ ತೋರಿಸಿದ್ದಾನೆ. ಸಿಲ್ವರ್ ಕೊಲೆಗಾರ, ಸುಳ್ಳುಗಾರ, ಎರಡು ದೋಣಿಯಲ್ಲಿ ಕಾಲಿಡುವವನು (ಈ ನುಡಿಗಟ್ಟು ಅವನಿಗೆ ಹೊಂದುವುದಿಲ್ಲವಾದರೂ). ಆದರೆ ಅವನ ಕೆಡುಕಿಗೆ ಅವನ ಕಾಲು ಕಾರಣವಲ್ಲ. ಕೊನೆಯಲ್ಲಿ ಅವನ ಕಾಲು ಬೆಳೆಯುವುದೂ ಇಲ್ಲ, ಪಶ್ಚಾತ್ತಾಪದಿಂದ ಅವನು ಸಾಯುವುದೂ ಇಲ್ಲ. ಒಂದು ಚೀಲ ನಾಣ್ಯ ಹೊತ್ತು ತಪ್ಪಿಸಿಕೊಳ್ಳುತ್ತಾನೆ. ಈ ಪಾತ್ರಕ್ಕೆ ಬೀಜ ಲೇಖಕನ ಗೆಳೆಯ, ಕವಿ ಹೆನ್ಲಿ. ಮೂಳೆಯ ಕ್ಷಯದಿಂದ ಒಂದು ಕಾಲನ್ನು ಮೊಣಕಾಲ ಕೆಳಗೆ ಕಳೆದುಕೊಂಡವನು. 1875ರಲ್ಲಿ ಇಬ್ಬರೂ ಭೇಟಿಯಾದದ್ದು ಎಡಿನ್‌ಬರೋದ ಆಸ್ಪತ್ರೆಯಲ್ಲಿ. ಸ್ಟೀವನ್ಸನ್ ತಾನೂ ರೋಗಿಷ್ಠ. ಅವನು ಗೆಳೆಯನನ್ನು ನೋಡಿದ್ದು ಮೇಲಿನಿಂದಲ್ಲ, ಪಕ್ಕದಿಂದ. ಸಿಲ್ವರನ ಜೀವಂತಿಕೆಯ ಗುಟ್ಟು ಅಲ್ಲಿದೆಯೆಂದು ನನ್ನ ಊಹೆ.

ಈಚಿನ ಪುಸ್ತಕಗಳಿಗೆ ಬರೋಣ. ಪಲಾಸಿಯೊ ಬರೆದ ‘ವಂಡರ್’ (2012) ಜಗತ್ತಿನಾದ್ಯಂತ ಓದಿಸಿಕೊಂಡಿತು. ಮುಖ ವಿಕಾರಗೊಂಡು ಹುಟ್ಟಿದ ಹುಡುಗನ ಮೊದಲ ಶಾಲಾವರ್ಷದ ಕಥೆ. ನಡುವಿನ ಅಧ್ಯಾಯಗಳು ಬಹಳ ನಿಜ. ಆದರೆ ಕೊನೆಯಲ್ಲಿ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ ಅವನಿಗೆ ಪದಕ ಕೊಡುತ್ತದೆ. ಒಂದು ವರ್ಷ ಶಾಲೆಗೆ ಬಂದದ್ದಕ್ಕೆ ಪದಕವೇ? ನನಗೆ ನಮ್ಮ ಶಾಲೆಯ ಪರದೆ, ಸೆರಗು ಎರಡೂ ನೆನಪಾದವು.

ಮದರಾಸಿನ ತೂಲಿಕಾ ಪ್ರಕಾಶನದವರ ಚಿತ್ರಪುಸ್ತಕಗಳು ಹೆಚ್ಚು ನಾಜೂಕಿನವು. ಜೈ ವಿಟೇಕರ್ ಬರೆದ ‘ಕಣ್ಣ ಪಣ್ಣ’ದಲ್ಲಿ ಕಣ್ಣು ಕಾಣದ ಹುಡುಗ, ಗುಹೆಯೊಳಗೆ ದೀಪ ಆರಿದಾಗ, ಜೊತೆಗಿದ್ದವರನ್ನು ಹೊರಗೆ ಕರೆತರುತ್ತಾನೆ. ಬೆಟ್ಟದೊಳಗಿನಿಂದ ಮಕ್ಕಳನ್ನು ಕರೆತಂದವನು! ಕಿಂದರಿಜೋಗಿಯ ಕಥೆ ಇಲ್ಲಿ ತಿರುಗುಮುರುಗಾಯಿತಲ್ಲ ಎಂದು ನಾನು ಹಿಗ್ಗಿದೆ. ಹಿಗ್ಗಿದ ಮೇಲೆ ಒಂದು ಸಂಶಯವೂ ಹುಟ್ಟಿತು. ದೀಪ ಆರದೇ ಇದ್ದಿದ್ದರೆ? ಉಪಯೋಗಕ್ಕೆ ಬಂದ ಮೇಲೆಯೇ ಅವನಿಗೆ ಗುಂಪಿನಲ್ಲಿ ಜಾಗ ಸಿಗಬೇಕೆ? ನಮ್ಮ ನಾಡಿನ ಕ್ರೀಡಾಪಟು, 2001ರ ಪದ್ಮಶ್ರೀ ಪುರಸ್ಕೃತೆ ಮಾಲತಿ ಹೊಳ್ಳ ಅವರ ಬಾಳನ್ನು ಕುರಿತು ಸೌಮ್ಯಾ ರಾಜೇಂದ್ರನ್ ಬರೆದ ‘ವಿಂಗ್ಸ್ ಟು ಫ್ಲೈ’ ಬಗೆಗೂ ನನಗೆ ಗೌರವ, ಜೊತೆಗೆ ಇದೇ ಅಳುಕು: ಪದಕ ಗೆಲ್ಲದ ಹುಡುಗಿಯ ಕಥೆ ಯಾರು ಬರೆಯುತ್ತಾರೆ? ಇವೆರಡಕ್ಕಿಂತ ತಾರಿಣಿ ವಿಶ್ವನಾಥ್ ಬರೆದ ‘ಕ್ಯಾಚ್ ದಟ್ ಕ್ಯಾಟ್!’ ನನಗೆ ಮೆಚ್ಚು. ಡಿಪ್ ಡಿಪ್ ಎಂಬ ತುಂಟಿ ಗೆಳತಿಯ ಬೆಕ್ಕನ್ನು ಹುಡುಕಿಕೊಂಡು ಹೊರಡುತ್ತಾಳೆ. ಅವಳು ಗಾಲಿಕುರ್ಚಿಯಲ್ಲಿದ್ದಾಳೆ ಎಂಬುದು ಚಿತ್ರದಲ್ಲಿದೆ. ಕಥೆ ಇರುವುದು ಬೆಕ್ಕಿನದು.

ಇದೇ ಜಾಡಿನಲ್ಲಿ ಇನ್ನಷ್ಟು ದೂರ ಹೋದದ್ದು ಜೈನಬ್ ಸುಲೇಮಾನರ ‘ಸಿಂಪ್ಲಿ ನಂಜು’ (2016). ಮಂಡ್ಯ, ಮೈಸೂರಿನ ಯಾವ ಶಾಲೆಯ ಹಾಜರಿ ಪುಸ್ತಕದಲ್ಲಾದರೂ ಸಿಗುವ ಹೆಸರು ನಂಜು. ಅವನ ನಡಿಗೆ ಸೊಟ್ಟ. ಅವನ ಪ್ರಾಣಸ್ನೇಹಿತ ಮಹೇಶ ಗಾಲಿಕುರ್ಚಿಯ ಓಟದಲ್ಲಿ ನಿಪುಣ. ತರಗತಿಯಲ್ಲಿ ಮೊದಲಿಗಳಾದ ಆರಾಧನಾಳ ನೋಟ್‌ಬುಕ್ಕುಗಳು ಒಂದೊಂದಾಗಿ ಕಳುವಾಗುತ್ತವೆ. ಅನುಮಾನ ನಂಜುವಿನ ಮೇಲೆ ಬೀಳುತ್ತದೆ. ಹಾಸ್ಟೆಲಿಗೆ ಹಾಕಿಬಿಡುತ್ತೇನೆಂದು ಅಪ್ಪ ಗದರಿಸುತ್ತಾನೆ. ಕಳ್ಳನನ್ನು ಹಿಡಿಯದೆ ಗತಿಯಿಲ್ಲ. ಇಷ್ಟೇ ಕಥೆ. ಇಲ್ಲಿಯ ಮಕ್ಕಳು ಜಗಳವಾಡುತ್ತಾರೆ, ಹೊಟ್ಟೆಕಿಚ್ಚುಪಡುತ್ತಾರೆ, ಸುಳ್ಳು ಹೇಳುತ್ತಾರೆ. ನಂಜು ಎದುರಿಸುವುದು ಕಳ್ಳತನದ ಆರೋಪವನ್ನು. ಅದು ಯಾವ ಮಗುವಿಗೂ ಬರಬಹುದಾದ ಕಷ್ಟ. ಅವನ ಕಾಲಿನ ತೊಂದರೆಯನ್ನು ಲೇಖಕಿ ಮುಚ್ಚಿಟ್ಟೂ ಇಲ್ಲ. ನಡೆಯುವಾಗ ಅದು ಇದೆ, ನಡೆದು ಮುಗಿದ ಮೇಲೆ ಕಥೆ ಮುಂದೆ ಹೋಗುತ್ತದೆ. ನನ್ನ ಕೊರಗು ಒಂದೇ. ನಂಜು ಮನೆಯಲ್ಲಿ ಅಪ್ಪನಿಂದ ಬೈಗುಳ ತಿನ್ನುವ ಭಾಷೆ ಯಾವುದೆಂದು ಅವನ ಹೆಸರೇ ಹೇಳುತ್ತದೆ, ಪುಸ್ತಕ ಇಂಗ್ಲಿಷಿನದು. ನಮ್ಮ ಹುಡುಗ ನೆರೆಮನೆಯಲ್ಲಿ ಬೆಳೆದಂತಾಯಿತು. ಹೆಚ್ಚು ಚಿತ್ರಗಳಿಲ್ಲದ, ಬಹುಮಾನದ ಭಾಷಣಗಳಿಗೆ ಒದಗದ, ಬರೀ ನೋಟ್‌ಬುಕ್ಕು ಕಳುವಾಗುವ ಇಂಥ ಒಂದು ಕಾದಂಬರಿಯನ್ನು ಮಕ್ಕಳಿಗಾಗಿ ಬರೆಯುವ ನಮ್ಮವರಿಂದ ಬೇಡುವ ಹಕ್ಕು ನಮಗಿದೆ.

ಪೋಲಿಯೋ ನಮ್ಮ ದೇಶವನ್ನು ಬಿಟ್ಟುಹೋಯಿತು. 2011ರ ಜನವರಿಯಲ್ಲಿ ಕಡೆಯ ಪ್ರಕರಣ ಕಂಡಿತು, 2014ರಲ್ಲಿ ಪ್ರಮಾಣಪತ್ರವೂ ದೊರೆಯಿತು. ಅಕ್ಕನ ಕಾಲು ಹಾಗೆಯೇ ಇದೆ. ಬ್ಯಾಂಕಿನಲ್ಲಿ ಕೆಲಸ, ಇಬ್ಬರು ಮಕ್ಕಳು, ಮೊಣಕಾಲು ನೋವು. ಹೋದ ತಿಂಗಳು ಅವಳ ಮನೆಗೆ ಹೋದಾಗ ‘ನಂಜು’ವನ್ನು ಅಲ್ಲೇ ಬಿಟ್ಟುಬಂದಿದ್ದೆ. ಈ ಲೇಖನಕ್ಕೆ ಅವಳ ಅಭಿಪ್ರಾಯ ಬೇಕೆನಿಸಿ ಮೊನ್ನೆ ಫೋನು ಮಾಡಿ, ಕರುಣರಸ, ಕನಿಕರ ಎಂದು ನನ್ನ ವಾದವನ್ನೆಲ್ಲ ಒಪ್ಪಿಸತೊಡಗಿದೆ. ಅವಳು ಅರ್ಧಕ್ಕೇ ತಡೆದಳು: ‘ಸುಮ್ಮನಿರು, ಕಳ್ಳ ಯಾರು ಅಂತ ಬಾಯಿ ಬಿಟ್ಟೀಯೆ. ಇನ್ನೂ ನಲವತ್ತು ಪುಟ ಇದೆ ನನಗೆ.’