ಜರಿಯ ಹಿಂದಿನ ತೊಗಲು

ಅಲೆಕ್ಸಾಂಡ್ರ್ ಡ್ಯೂಮಾ 1844ರಲ್ಲಿ ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ಧಾರಾವಾಹಿಯಾಗಿ ಬರೆದ ‘ದಿ ತ್ರೀ ಮಸ್ಕಿಟಿಯರ್ಸ್’ ಕಾದಂಬರಿಯಲ್ಲಿ ಶೌರ್ಯ ಎಷ್ಟಿದೆಯೋ ದುಡ್ಡಿನ ಪೇಚಾಟವೂ ಅಷ್ಟೇ ಇದೆ. ರಾಜನ ಕಾವಲುಪಡೆಯ ಮಸ್ಕಿಟಿಯರ್ ಪೋರ್ಥೋಸನ ಕತ್ತಿಪಟ್ಟಿಗೆ ಎದೆಯ ಕಡೆ ಮಾತ್ರ ಜರಿ. ಬೆನ್ನಿನ ಕಡೆ ಬರೀ ತೊಗಲು. ನೆಗಡಿಯ ನೆಪ ಹೇಳಿ, ಮೇಲೊಂದು ನಿಲುವಂಗಿ ಹೊದ್ದು ಆತ ಮಾನ ಉಳಿಸಿಕೊಳ್ಳುತ್ತಾನೆ. ಈ ಕಥೆಯನ್ನು ತೆರೆಗೆ ತಂದ ಬಹುಪಾಲು ಜನರಿಗೆ ಕಂಡದ್ದು ಜರಿ ಮಾತ್ರ. 1948ರ ಚಿತ್ರದಲ್ಲಿ ಜೀನ್ ಕೆಲ್ಲಿ ಕತ್ತಿ ಹಿಡಿದರೆ ಅದು ನೃತ್ಯವೇ ಸರಿ. ನೋಡಲು ಸೊಗಸು, ಆದರೆ ಯಾರಿಗಾದರೂ ಪೆಟ್ಟು ಬಿದ್ದೀತೆಂಬ ದಿಗಿಲು ಹುಟ್ಟುವುದಿಲ್ಲ.

ನಿರ್ದೇಶಕ ರಿಚರ್ಡ್ ಲೆಸ್ಟರ್ 1973ರ ತನ್ನ ಚಿತ್ರದಲ್ಲಿ ತೊಗಲಿನ ಕಡೆಯನ್ನು ತೋರಿಸಿದ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಫ್ರೇಸರನ ಚಿತ್ರಕಥೆ, ವಿಲಿಯಂ ಹಾಬ್ಸ್ ಹೊಂದಿಸಿದ ಕಾಳಗಗಳು. ಇಲ್ಲಿ ಯಾರೂ ಚೆಂದವಾಗಿ ಹೋರಾಡುವುದಿಲ್ಲ. ಒದೆಯುತ್ತಾರೆ, ಜಾರುತ್ತಾರೆ, ಏದುಸಿರು ಬಿಡುತ್ತಾರೆ. ಬಟ್ಟೆ ಒಗೆಯುವಲ್ಲಿ ನಡೆಯುವ ಹೊಡೆದಾಟದಲ್ಲಿ ಒದ್ದೆ ಬಟ್ಟೆಯೇ ಆಯುಧ. ಕತ್ತಿಗೆ ತೂಕವಿದೆ, ಎತ್ತಿದ ತೋಳು ಸೋಲುತ್ತದೆ ಎಂಬುದು ನೋಡುವವನಿಗೂ ತಟ್ಟುತ್ತದೆ. ಅಥೋಸ್ ಆಗಿರುವ ಆಲಿವರ್ ರೀಡ್ ಅಂತೂ ಕಾಳಗಕ್ಕಿಳಿದರೆ ಅಭಿನಯವೋ ನಿಜವಾದ ಸಿಟ್ಟೋ ತಿಳಿಯದು.

ನನಗೆ ಹೆಚ್ಚು ಹಿಡಿಸಿದ್ದು ಹೋಟೆಲಿನ ದೃಶ್ಯ. ಜೇಬು ಖಾಲಿಯಾದ ಮಸ್ಕಿಟಿಯರ್‌ಗಳು ತಮ್ಮತಮ್ಮಲ್ಲೇ ಸುಳ್ಳು ಜಗಳ ತೆಗೆದು, ಆ ಗದ್ದಲದಲ್ಲಿ ತಿಂಡಿತೀರ್ಥ ಲಪಟಾಯಿಸುತ್ತಾರೆ. ವರಸೆಯೆಲ್ಲ ಹೊಟ್ಟೆಪಾಡಿಗೆ! ಇತ್ತ ಅರಮನೆಯ ಹುಲ್ಲುಹಾಸಿನ ಮೇಲೆ ರಾಜ ನಾಯಿಗಳನ್ನೇ ಕಾಯಿಗಳನ್ನಾಗಿ ನಿಲ್ಲಿಸಿ ಚದುರಂಗವಾಡುತ್ತಾನೆ. ಇಂಥ ದೊರೆಗಾಗಿ ಪ್ರಾಣ ಕೊಡಬೇಕೇ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಲೆಸ್ಟರನ ಕ್ಯಾಮೆರಾ ಕೇಳುತ್ತದೆ. ಚಾರ್ಲ್ಟನ್ ಹೆಸ್ಟನ್ನನ ರಿಷಲ್ಯೂ ದನಿಯೇರಿಸದೆ ಗದರುವ ರಾಜಕಾರಣಿ, ಆ ಆಸ್ಥಾನದಲ್ಲಿ ಕೆಲಸ ಗೊತ್ತಿರುವವನು ಅವನೊಬ್ಬನೇ.

ನಿರ್ಮಾಪಕರಾದ ಸಾಲ್ಕಿಂಡ್ ತಂದೆಮಗ ಒಂದು ಚಿತ್ರಕ್ಕೆಂದು ಒಪ್ಪಿಸಿ ತೆಗೆದದ್ದನ್ನು ಎರಡಾಗಿ ಸೀಳಿ ಮಾರಿದರು, ನಟರು ಕೋರ್ಟಿಗೆ ಹೋದರು. ಎಷ್ಟು ಚಿತ್ರಗಳೆಂದು ನಟರ ಕರಾರಿನಲ್ಲಿ ಮೊದಲೇ ಬರೆಸುವ ‘ಸಾಲ್ಕಿಂಡ್ ಷರತ್ತು’ ಬಂದದ್ದು ಆಮೇಲೆಯೇ. ಈ ಸೀಳಿನ ಪೆಟ್ಟು ಕಥೆಗೂ ಬಿದ್ದಿದೆ. ನಗುವೆಲ್ಲ ಮೊದಲ ಭಾಗದ ಪಾಲಾಯಿತು, ಸಾವುಗಳೆಲ್ಲ 1974ರ ‘ದಿ ಫೋರ್ ಮಸ್ಕಿಟಿಯರ್ಸ್’ಗೆ ಉಳಿದವು. ರಿಷಲ್ಯೂನ ಗೂಢಚಾರಿಣಿ ಮಿಲೇಡಿಯಾಗಿರುವ ಫೇ ಡನವೇಗೆ ಮೊದಲ ಭಾಗದಲ್ಲಿ ಹಲ್ಲು ಮಸೆಯುವಷ್ಟೂ ಜಾಗವಿಲ್ಲ.

ಅದಕ್ಕಿಂತ ದೊಡ್ಡ ಕೊರತೆ ಕಾನ್‌ಸ್ಟನ್ಸ್. ರಾಕೆಲ್ ವೆಲ್ಚ್‌ಗೆ ಈ ಪಾತ್ರ ಗೋಲ್ಡನ್ ಗ್ಲೋಬ್ ತಂದುಕೊಟ್ಟಿತು, ಅವಳ ಹಾಸ್ಯದ ಹದವೂ ಚೆನ್ನಾಗಿದೆ, ಒಪ್ಪೋಣ. ಆದರೆ ರಾಣಿಯ ಗುಟ್ಟು ಕಾಯುವ ಎದೆಗಾರ್ತಿಯನ್ನು ಲೆಸ್ಟರ್ ಮತ್ತೆಮತ್ತೆ ಎಡವಿ ಬೀಳಿಸಿ ನಗಿಸುತ್ತಾನೆ. ಗಂಡಸರು ಬಿದ್ದರೆ ಅವರ ಆಯಾಸ ಕಾಣುತ್ತದೆ, ಇವಳು ಬಿದ್ದರೆ ಬರೀ ತಮಾಷೆ. ಹಾಗಾಗಿಯೇ ಎರಡನೆಯ ಭಾಗದಲ್ಲಿ ಮಿಲೇಡಿ ಅವಳನ್ನು ಕೊಂದಾಗ, ಅವಳ ಪ್ರೇಮಿ, ಕಥಾನಾಯಕ ಡಾರ್ಟಾನ್ಯನ ದುಃಖದಲ್ಲಿ ಪಾಲುಗೊಳ್ಳಲು ನಮ್ಮಿಂದ ಆಗುವುದಿಲ್ಲ.