ತುಂಗೆಯ ಬಂಡೆ ಬಿಡದ ಚಿಪ್ಪು

ಎಳ್ಳಮಾವಾಸ್ಯೆ ಜಾತ್ರೆ ಕಳೆಯಿತೆಂದರೆ ತೀರ್ಥಹಳ್ಳಿಯಲ್ಲಿ ತುಂಗೆ ದಿನದಿನಕ್ಕೂ ಇಳಿಯುತ್ತಾಳೆ. ಮಳೆಗಾಲವಿಡೀ ಮುಳುಗಿದ್ದ ಬಂಡೆಗಳು ಒಂದೊಂದಾಗಿ ಬೆನ್ನು ತೋರುತ್ತವೆ. ಚಿಪ್ಪು ಹುಡುಕುವ ಹುಚ್ಚಿನವರಿಗೆ ಆಗಲೇ ಸುಗ್ಗಿ.

ಹೊಳೆಯ ಕಪ್ಪೆಚಿಪ್ಪು ಎಂದರೆ ನಮ್ಮ ಕಣ್ಣಿಗೆ ಬರುವುದು ಮರಳಿನಲ್ಲಿ ಅರ್ಧ ಹೂತುಕೊಂಡು, ಮೆತ್ತಗಿನ ಪಾದ ಚಾಚಿ, ಹಿಂದೆ ಗೀರು ಬಿಡುತ್ತಾ ಸಾಗುವ ಜೀವಿ. ಅದರ ಎರಡು ಹೋಳೂ ಅಚ್ಚಿನಲ್ಲಿ ತೆಗೆದಂತೆ ಒಂದೇ ಅಳತೆ. ತುಂಗಾ, ಭದ್ರಾ ನದಿಗಳ ಸ್ಯೂಡೊಮುಲ್ಲೇರಿಯ ಡಾಲಿಯೈ ಎಂಬ ಚಿಪ್ಪು ಹಾಗಲ್ಲ. ಅದು ಒಂದು ಹೋಳನ್ನು ಬಂಡೆಗೆ ಗಾರೆ ಮೆತ್ತಿದಂತೆ ಅಂಟಿಸಿಕೊಂಡುಬಿಡುತ್ತದೆ. ಆಮೇಲೆ ಜೀವ ಇರುವಷ್ಟು ದಿನವೂ ಅದೇ ಜಾಗ. ಬಂಡೆ ಉಬ್ಬಿದಲ್ಲಿ ಚಿಪ್ಪೂ ಉಬ್ಬುತ್ತದೆ, ತಗ್ಗಿದಲ್ಲಿ ತಗ್ಗುತ್ತದೆ. ತಿಳಿಯದವರಿಗೆ ಕಲ್ಲಿನ ಸಿಪ್ಪೆ ಎದ್ದಂತೆ ಕಾಣುತ್ತದೆ ಅಷ್ಟೆ. ಹರಿಯುವ ನೀರೇ ಅದಕ್ಕೆ ಅನ್ನ ತಂದುಕೊಡಬೇಕು. ಒಳಗೆಳೆದುಕೊಂಡ ನೀರನ್ನು ಕಿವಿರಿನಲ್ಲಿ ಸೋಸಿ ತಿನ್ನುವುದೊಂದೇ ಅದರ ಬದುಕು.

ಇದನ್ನು 1898ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಲಂಡನ್ನಿನ ಎಡ್ಗರ್ ಸ್ಮಿತ್. ಪಶ್ಚಿಮಘಟ್ಟದ ಹೊಳೆಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಜೀವಿ ಇದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ನದಿಗಳಲ್ಲೂ ಬಂಡೆ ಕಚ್ಚುವ ಚಿಪ್ಪುಗಳಿವೆ. ಹಾಗಾಗಿ ಮೂರು ಖಂಡಗಳ ಈ ಚಿಪ್ಪುಗಳನ್ನು ಬಹುಕಾಲ ಒಂದೇ ಮನೆತನಕ್ಕೆ ಸೇರಿಸಿದ್ದರು. ಭೂಖಂಡಗಳು ಒಟ್ಟಿಗಿದ್ದ ಕಾಲದ ನೆಂಟಸ್ತಿಕೆ ಎಂದರೆ ಯಾರಿಗಾದರೂ ರೋಮಾಂಚನವೇ. ಆದರೆ 2000ದಲ್ಲಿ ಬೋಗನ್ ಮತ್ತು ಹೋ ಎಂಬ ಸಂಶೋಧಕರು ಡಿಎನ್‌ಎ ಹಿಡಿದು ನೋಡಿದಾಗ ಲೆಕ್ಕ ಬದಲಾಯಿತು. ನಮ್ಮದು ಮರಳಿನಲ್ಲಿ ತೆವಳುವ ಸಾಮಾನ್ಯ ಕಪ್ಪೆಚಿಪ್ಪಿನ ಬಳಗದ್ದೇ. ಬಂಡೆ ಹಿಡಿಯುವುದನ್ನು ಅದು ತಾನೇ, ಇಲ್ಲೇ ಕಲಿತಿದೆ. ನನಗೆ ಮೊದಲಿನ ಕಥೆಗಿಂತ ಇದೇ ದೊಡ್ಡದೆನಿಸುತ್ತದೆ. ಮಳೆಗಾಲದ ತುಂಗೆಯ ಸೆಳವನ್ನು ಕಂಡವರಿಗೆ, ಹಿಡಿತ ಬಿಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಾಲದಲ್ಲಿ ಈ ಚಿಪ್ಪನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಮುಖ್ಯರು ಉಡುಪಿಯ ಮೃದ್ವಂಗಿ ತಜ್ಞ ಎನ್.ಎ. ಮಧ್ಯಸ್ಥ. ಅವರು 2001ರಲ್ಲಿ ಇದರ ಮೇಲೆಯೇ ಪ್ರತ್ಯೇಕ ಲೇಖನ ಬರೆದರು.

ಕಾಲಿದ್ದ ಚಿಪ್ಪು ಹೂಳು ಬಂದರೆ ಸರಿದುಕೊಳ್ಳುತ್ತದೆ. ಇದು ಸರಿಯಲಾರದು. ಹರಿವು ನಿಂತು ಬಂಡೆಯ ಮೇಲೆ ಕೆಸರು ಕೂತರೆ ಇದ್ದಲ್ಲೇ ಉಸಿರು ಕಟ್ಟುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿತು. ಹೊಸನಗರ, ಸಾಗರದ ಎಷ್ಟೋ ಊರು, ಗದ್ದೆಗಳು ಮುಳುಗಿದ್ದನ್ನು ನಾವು ಇಂದಿಗೂ ನೆನೆಯುತ್ತೇವೆ. ಆ ನೀರಿನಡಿ ಹೂತುಹೋದ ಹೊಳೆಯ ಬಂಡೆಗಳ ಮೇಲೆ ಏನೇನು ಬದುಕಿತ್ತೆಂದು ಯಾರೂ ಪಟ್ಟಿ ಮಾಡಿರಲಿಲ್ಲ. ತುಂಗೆಯಲ್ಲಿ ಇನ್ನೂ ಹರಿವಿದೆ, ಬಂಡೆಗಳಿವೆ.

ಈ ಬೇಸಿಗೆ ಹೊಳೆಗಿಳಿದಾಗ ಬಂಡೆಗೆ ಕಚ್ಚಿದ ಒರಟು ಚಿಪ್ಪು ಕಂಡರೆ ದಯವಿಟ್ಟು ಕತ್ತಿ ಹಾಕಿ ಎಬ್ಬಿಸಬೇಡಿ. ಒಂದು ಫೋಟೊ ತೆಗೆದು, ದಿನ ಮತ್ತು ಜಾಗ ಬರೆದಿಟ್ಟುಕೊಳ್ಳಿ.